ಮೊದಲು ತೆಳ್ಳನೆಯದು

ಹಿಂಜವಾಡಿಯ ಒಂದು ಕಂಪನಿಯಲ್ಲಿ ನೌಕರರ ಕ್ಯಾಬುಗಳನ್ನು ಹೊಂದಿಸಿ ಕಳಿಸುವುದು ನನ್ನ ಕೆಲಸ. ಬೆಳಗಿನಿಂದ ಸಂಜೆಯವರೆಗೆ ಫೋನಿನಲ್ಲಿ ಒಂದೇ ಮಾತು: ‘ಗಾಡಿ ಕುಠೇ ಆಹೇ?’ ಗಾಡಿ ಎಲ್ಲಿದೆ ಎಂದು ಮರಾಠಿಯಲ್ಲಿ ಕೇಳಿ, ಹಿಂದಿಯಲ್ಲಿ ಬೈದು, ಇಂಗ್ಲಿಷಿನಲ್ಲಿ ಕ್ಷಮೆ ಬೇಡಿ, ಎರಡು ಬಸ್ಸು ಬದಲಿಸಿ ಧನಕವಡಿಯ ಮನೆ ಮುಟ್ಟುವ ಹೊತ್ತಿಗೆ ಗಂಟಲಲ್ಲಿ ಕನ್ನಡಕ್ಕೆಂದು ಹೆಚ್ಚೇನೂ ಉಳಿದಿರುವುದಿಲ್ಲ. ಉಳಿದಷ್ಟನ್ನು ಅತ್ತೆ ಕೇಳುತ್ತಾಳೆ.

ಅತ್ತೆ ಎಂದರೆ ಅಪ್ಪನ ಅಕ್ಕ, ನನ್ನನ್ನು ಸಾಕಿದವಳು. ನಾನು ಕಲಿತದ್ದು ಮರಾಠಿ ಶಾಲೆಯಲ್ಲಿ. ಕನ್ನಡ ಬಂದದ್ದು ಅವಳ ಬಾಯಿಂದ. ವಿಜಾಪುರದಿಂದ ತಂದ ಪುಸ್ತಕಗಳನ್ನು ಅವಳು ಮಧ್ಯಾಹ್ನ ಗಟ್ಟಿಯಾಗಿ ಓದುತ್ತಿದ್ದಳು. ನಾನು ಶೇಂಗಾ ಸುಲಿಯುತ್ತ, ಅರ್ಧ ತಿನ್ನುತ್ತ, ‘ಮುಂದ ಏನಾತು, ಲಗೂನ ಹೇಳು’ ಎಂದು ಕಾಡಿದರೆ, ‘ಪುಸ್ತಕ ಬರದಂವಗ ಗಡಿಬಿಡಿ ಇಲ್ಲ, ನಿಂದೇನು?’ ಎನ್ನುತ್ತಿದ್ದಳು. ಅಕ್ಷರ ತಿದ್ದಿಸಿದ್ದೂ ಅವಳೇ, ಹಳೆಯ ಕ್ಯಾಲೆಂಡರಿನ ಬೆನ್ನ ಮೇಲೆ. ಹೀಗಾಗಿ ಕನ್ನಡ ಇವತ್ತಿಗೂ ನನ್ನ ಕಿವಿಗೆ ಸಲೀಸು, ಕಣ್ಣಿಗೆ ನಿಧಾನ.

ಈಗ ಅವಳ ಕಣ್ಣಿನ ಪರದೆ ಸವೆದಿದೆ. ಎದುರಿಗಿದ್ದವರ ಅಂಚು ಕಾಣುತ್ತದಂತೆ, ನಡುವೆ ಮಬ್ಬು. ಎರಡು ವರ್ಷದಿಂದ ಊಟಕ್ಕೆ ಮೊದಲು ನಾನು ಓದುತ್ತೇನೆ, ಅವಳು ಕೇಳುತ್ತಾಳೆ. ಅವಳ ಕಪಾಟಿನ ಪುಸ್ತಕಗಳೆಲ್ಲ ಮುಗಿದವು. ಅವು ಅವಳಿಗೆ ಎಷ್ಟು ಬಾಯಿಪಾಠವೆಂದರೆ, ನಾನು ಒತ್ತಕ್ಷರಕ್ಕೆ ಎಡವಿ ನಿಂತಲ್ಲಿ ಮುಂದಿನ ಸಾಲನ್ನು ಅವಳೇ ಹೇಳಿಬಿಡುತ್ತಿದ್ದಳು.

‘ಸಾಕು ಬಿಡೋ ತಮ್ಮಾ,’ ಎಂದಳು ಒಂದು ದಿನ. ‘ನಿನಗೂ ದಣಿವು, ನನಗೂ ಎಲ್ಲಾ ಗೊತ್ತಿದ್ದದ್ದ. ಯಾಂವರ ಹೊಸಾ ಲೇಖಕ ಸಿಕ್ಕರ ಒಂದು ಓದಿ ನೋಡೂಣು. ರುಚಿ ಹತ್ತಲಿಲ್ಲಂದ್ರ ಈ ಓದೂದು ನಿಂದರಿಸಿಬಿಡೂಣು.’

ನಗುತ್ತಲೇ ಹೇಳಿದಳು. ಓದು ನಿಂತರೆ ಅವಳ ಸಂಜೆಗಳಿಗೆ ಗೋಡೆಯಾಚೆಯ ಧಾರಾವಾಹಿಯ ಸದ್ದೊಂದೇ ಗತಿ ಎಂಬುದು ಇಬ್ಬರಿಗೂ ಗೊತ್ತಿತ್ತು.

ಎದುರು ಮನೆಯಲ್ಲಿ ಮೈಸೂರಿನ ಕಡೆಯ ಹೆಣ್ಣುಮಗಳೊಬ್ಬಳಿದ್ದಾಳೆ. ಮನೆಯಲ್ಲೇ ಕೂತು ಸಾಫ್ಟ್‌ವೇರ್ ಕೆಲಸ ಮಾಡುತ್ತಾಳೆ. ನಮ್ಮ ಸಮಸ್ಯೆ ಕೇಳಿ ಒಂದು ಬಟ್ಟೆಚೀಲ ತಂದು ಕೊಟ್ಟಳು. ಒಬ್ಬನೇ ಲೇಖಕನ ಐದು ಪುಸ್ತಕ. ನಾವಿಬ್ಬರೂ ಅವನ ಹೆಸರು ಕೇಳಿರಲಿಲ್ಲ.

‘ದಪ್ಪದ್ದೇ ಫಸ್ಟ್ ಓದಿ ಅಂಕಲ್, ಅವ್ರ ಬೆಸ್ಟ್ ಅದೇ,’ ಎಂದಳು.

ದಪ್ಪದ್ದನ್ನು ಕೈಯಲ್ಲಿ ಎತ್ತಿ ನೋಡಿದೆ. ಓದುವ ಮೊದಲೇ ಭುಜ ನೋಯಿತು. ಅತ್ತೆ ಐದನ್ನೂ ಮಡಿಲಲ್ಲಿಟ್ಟುಕೊಂಡು ಅವುಗಳ ಬೆನ್ನು ಸವರಿದಳು. ‘ಹೊಸಾ ಮನಿಗೆ ಹೋದ್ರ ಮೊದಲ ಪಡಸಾಲ್ಯಾಗ ಕೂಡಬೇಕು. ಒಮ್ಮೆಲೆ ಅಡಗಿಮನಿಗೆ ನುಗ್ಗಿದ್ರ ಮಂದಿ ಏನಂದಾರು? ತೆಳ್ಳಂದು ತೊಗೋ.’ ಅವಳ ವಿವೇಕವೂ ನನ್ನ ಮೈಗಳ್ಳತನವೂ ಒಂದೇ ಪುಸ್ತಕದ ಮೇಲೆ ಬಂದು ಕೂತವು.

ಓದಲು ಶುರು ಮಾಡಿದೆ. ಮೊದಲ ಎರಡು ಸಂಜೆ ಸರಿಯಾಗಿಯೇ ಓದಿದೆ. ಮೂರನೆಯ ದಿನ ಬಸ್ಸಿನಲ್ಲಿ ನಿಂತೇ ಬಂದಿದ್ದೆ, ಕಣ್ಣು ಉರಿಯುತ್ತಿತ್ತು. ಒಂದು ಉದ್ದನೆಯ ವರ್ಣನೆ ಎದುರಾಯಿತು. ಅದರ ಮೇಲೆ ಕಣ್ಣಾಡಿಸಿ, ತಾತ್ಪರ್ಯ ಮಾತ್ರ ನಮ್ಮ ಮಾತಿನಲ್ಲಿ ಹೇಳಿ ಮುಂದೆ ಹೋದೆ. ಅತ್ತೆಗೆ ಗೊತ್ತಾಗಲಿಲ್ಲ. ಈ ಪುಸ್ತಕ ಅವಳಿಗೆ ಬಾಯಿಪಾಠ ಇರಲಿಲ್ಲವಲ್ಲ. ಆಮೇಲೆ ಅದೇ ರೂಢಿಯಾಯಿತು. ಓದುವುದಕ್ಕಿಂತ ಹೇಳುವುದು ನನಗೆ ಮೊದಲಿನಿಂದಲೂ ಸುಲಭ. ಪುಟ ತಿರುವುತ್ತಿದ್ದೆ, ಕತೆ ಹೇಳುತ್ತಿದ್ದೆ.

ಇನ್ನು ಹತ್ತು ಪುಟ ಉಳಿದಾಗ ಅತ್ತೆ ತೀರ್ಪು ಕೊಟ್ಟಳು. ‘ಕತಿ ಛಲೋ ಅದ. ಆದ್ರ ಈ ಮನಶ್ಯಾ ಭಾಳ ಗಡಿಬಿಡಿಯಂವ. ಯಾರನ್ನೂ ಒಂದು ಗಳಿಗಿ ಕುಂಡ್ರಗೊಡೂದಿಲ್ಲ. ಇದೊಂದು ಮುಗಸು, ಉಳಿದದ್ದು ಆ ಹುಡಿಗಿಗೆ ಹೊಳ್ಳಿ ಕೊಟ್ಟುಬಿಡು.’

ಹೂಂ ಎಂದೆ. ಸತ್ಯ ಹೇಳಬೇಕೆಂದರೆ, ಆ ಕ್ಷಣ ನನಗೆ ಹಗುರವೆನಿಸಿತು. ನಾಳೆಯಿಂದ ಬಂದವನೇ ಕಾಲು ಚಾಚಬಹುದು. ಆಮೇಲೆ ಅವಳು ಪುಸ್ತಕಗಳ ಚೀಲದ ಕಡೆ ಮುಖ ಮಾಡಿ ಕೂತದ್ದನ್ನು ನೋಡಿದೆ. ಆದರೂ ನಿಜ ಹೇಳದೆ ತಟ್ಟೆ ತೊಳೆಯಲು ಎದ್ದೆ.

ಮರುದಿನ ಮಳೆ. ಬಸ್ಸು ಹಿಂಜವಾಡಿ ಬಿಟ್ಟು ಕದಲಲೇ ಇಲ್ಲ. ತಡವಾಗುತ್ತದೆ, ಅತ್ತೆಯ ಜೊತೆ ಸ್ವಲ್ಪ ಕೂತಿರು ಎಂದು ಎದುರು ಮನೆಯವಳಿಗೆ ಫೋನು ಮಾಡಿದೆ. ಒದ್ದೆ ಚಪ್ಪಲಿ ಬಿಡುತ್ತಿದ್ದಾಗ ಒಳಗಿನಿಂದ ಓದು ಕೇಳಿಸಿತು. ಹಿಂದಿನ ದಿನದ ಅಧ್ಯಾಯವನ್ನೇ ಅತ್ತೆ ಮತ್ತೆ ಓದಿಸುತ್ತಿದ್ದಳು, ನಡುವೆ ತೂಕಡಿಸಿದ್ದಳಂತೆ. ಅದರಲ್ಲಿ ಒಬ್ಬ ಹೆಂಗಸು ಸತ್ತ ತಂಗಿಯ ಸೀರೆಯನ್ನು ಒಗೆದು ಒಣಗಹಾಕುತ್ತಾಳೆ. ಹಿಂಡುತ್ತಾಳೆ, ಕೊಡವುತ್ತಾಳೆ, ಸೆರಗಿನಲ್ಲಿ ತಂಗಿ ಹಾಕಿದ ಹೊಲಿಗೆ ಸಿಕ್ಕಿ ನಿಲ್ಲುತ್ತಾಳೆ, ಮತ್ತೆ ನೀರಿಗೆ ಅದ್ದುತ್ತಾಳೆ. ಎರಡು ಪುಟ. ನಾನು ಅದನ್ನು ‘ಆಕಿ ಸೀರಿ ಒಣಗಹಾಕಿದಳು’ ಎಂದು ಮುಗಿಸಿದ್ದೆ.

‘ತಂಗೀ, ಇದನ್ನ ನೀನ ಕೂಡಿಸಿ ಹೇಳ್ಲಿಕ್ಕತ್ತಿಯೇನ?’ ಅತ್ತೆಯ ದನಿ.

‘ಅಯ್ಯೋ ಇಲ್ಲ ಅಜ್ಜಿ, ಹೀಗೇ ಪ್ರಿಂಟ್ ಆಗಿದೆ.’

‘ಇನ್ನೊಮ್ಮೆ ಓದು.’

ಅವಳು ಮತ್ತೆ ಓದಿದಳು. ನಾನು ಬಾಗಿಲಲ್ಲೇ ನಿಂತು ಕೇಳಿದೆ, ಕೊಡೆಯ ನೀರು ಕಾಲಮೇಲೆ ಬೀಳುತ್ತಿದ್ದರೂ.

ಅವಳು ಹೋದ ಮೇಲೆ ಅತ್ತೆ ಜಗಳವಾಡಲಿಲ್ಲ. ‘ಚಹಾ ಕುಡಿ ಮೊದಲ,’ ಎಂದಳು. ನಾನು ಲೋಟ ಕೆಳಗಿಟ್ಟ ಮೇಲೆ ಕೇಳಿದಳು: ‘ದಣಿವಾಗಿದ್ರ ದಣಿವಾಗ್ಯದ ಅನಬಾರದೇನೋ? ಎರಡ ಸಾಲು ಓದಿ ಮುಚ್ಚಿಟ್ಟಿದ್ರ ನಾ ಏನ ಬಡೀತಿದ್ನೇನು? ಪಾಪ, ಆ ಮನಶ್ಯಾಗ ಗಡಿಬಿಡಿಯಂವ ಅಂದುಬಿಟ್ಟೆ.’

‘ತಪ್ಪಾತು, ಅತ್ತಿ.’

‘ನನಗ್ಯಾಕ ಹೇಳ್ತಿ, ಅವಗ ಹೇಳು. ಅಂದ್ರ ಅವನ ಪುಸ್ತಕ ನಾವಿನ್ನೂ ಒಂದೂ ಓದಿಲ್ಲ. ಹಾಂ? ತಗಿ, ಮೊದಲನೇ ಪುಟ ತಗಿ.’

ಆ ಸಂಜೆ ಮುಕ್ಕಾಲು ಪುಟ ಓದಿದೆ, ಪ್ರತಿ ಒತ್ತಕ್ಷರಕ್ಕೂ ನಿಂತು ನಿಂತು. ಮರುದಿನ ಒಂದೂವರೆ. ಕೆಲವು ದಿನ ಬರೀ ಐದು ಸಾಲು. ಅವಳೇ ‘ಸಾಕು, ಊಟಕ್ಕ ಏಳು’ ಎನ್ನುತ್ತಾಳೆ. ಈಗ ತಿಂಗಳು ದಾಟಿದೆ, ಸೀರೆಯ ಪುಟ ಇನ್ನೂ ಬಂದಿಲ್ಲ. ಚೀಲ ವಾಪಸು ಹೋಗಿಲ್ಲ. ಅದರೊಳಗಿನ ದಪ್ಪ ಪುಸ್ತಕವನ್ನು ಅತ್ತೆ ಹೊರಗೆ ತೆಗೆದು, ಬಸ್ಸಿನ ಸೀಟಿಗೆ ಟವೆಲು ಹಾಕಿದ ಹಾಗೆ ಅದರ ಮೇಲೆ ತನ್ನ ಕನ್ನಡಕದ ಡಬ್ಬಿ ಇಟ್ಟುಕೊಂಡಿದ್ದಾಳೆ.