ಶೇಂಗಾ ಹೋಳಿಗೆಯ ಕೆಳಗಿನ ಇಂಗ್ಲಿಷು

ನಲವತ್ತನಾಲ್ಕನೆಯ ವಯಸ್ಸಿನಲ್ಲಿ ಇಂಗ್ಲಿಷಿನ ಕಠಿಣ ಶಬ್ದಗಳನ್ನು ಬಾಯಿಪಾಠ ಮಾಡುವುದೆಂದರೆ ತೂತುಬಿದ್ದ ಕೊಡದಲ್ಲಿ ನೀರು ತಂದಂತೆ. ಬೆಳಿಗ್ಗೆ ತುಂಬಿಕೊಂಡದ್ದು ಆಫೀಸು ಮುಟ್ಟುವಷ್ಟರಲ್ಲಿ ಖಾಲಿ. ನಾನು ವಿಮಾ ಕಚೇರಿಯೊಂದರಲ್ಲಿ ಗುಮಾಸ್ತೆ. ಬಡ್ತಿ ಪರೀಕ್ಷೆಯನ್ನು ಸೂರತ್ತಿನಲ್ಲಿದ್ದಾಗ ಒಮ್ಮೆ ಬರೆದೆ, ವಡೋದರಾದ ಗೋರ್ವಾದಲ್ಲಿದ್ದಾಗ ಇನ್ನೊಮ್ಮೆ ಬರೆದೆ. ಎರಡು ಸಲವೂ ಉಳಿದೆಲ್ಲ ಪೇಪರು ದಾಟಿ, ಇಂಗ್ಲಿಷಿನ ಶಬ್ದಾರ್ಥದ ಪುಟದಲ್ಲಿ ಕಾಲುಜಾರಿ ಬಿದ್ದೆ. ಈಗ ಅಹಮದಾಬಾದಿಗೆ ವರ್ಗವಾಗಿ, ಸ್ಯಾಟಲೈಟ್ ಎಂಬ ಬಡಾವಣೆಯ ನಾಲ್ಕಂತಸ್ತಿನ ಸೊಸೈಟಿಯೊಂದರ 303ರಲ್ಲಿ ಕೂತು ಮೂರನೆಯ ಸಲಕ್ಕೆ ಸೊಂಟ ಕಟ್ಟಿದ್ದೆ.

ಮಗಳು ಕಾಲೇಜಿನವಳು. ಹುಟ್ಟಿ ಬೆಳೆದದ್ದೆಲ್ಲ ಗುಜರಾತಿನಲ್ಲೇ ಆದ್ದರಿಂದ ಅವಳ ಕನ್ನಡ ಬಾಡಿಗೆ ಸೈಕಲ್ಲಿನಂತೆ ಅಲ್ಲಲ್ಲಿ ಚೈನು ಬೀಳುತ್ತದೆ.

“ಅಮ್ಮಾ, ಈ ವರ್ಡ್ ಇಂಗ್ಲೆಂಡ್‌ನಲ್ಲೂ ಯಾರು ಮಾತಾಡಲ್ಲ. ನೀನು ಯಾಕೆ ಮಾತಾಡ್ತಾಳೆ?” ಎಂದಳು.

“ರೀ, ಕೇಳಿದ್ರಿಲ್ಲೋ? ಸ್ವಲ್ಪ ಬುದ್ಧಿ ಹೇಳ್ರಿ ಆಕಿಗೆ” ಎಂದೆ ಯಜಮಾನರಿಗೆ.

“ಹ್ಞೂಂ” ಎಂದರು ಅವರು. ದಿನಕ್ಕೆ ಹನ್ನೆರಡು ಶಬ್ದದ ಪಡಿತರದಲ್ಲಿ ಬದುಕುವ ಮನುಷ್ಯ.

ಆ ‘ಹ್ಞೂಂ’ ಕೇಳಿದ್ದೇ ತಡ, ಪುಸ್ತಕದಲ್ಲಿ ಮಾತು ಕಡಿಮೆಯವರಿಗಿರುವ ಶಬ್ದಕ್ಕೆ ಇವರದೇ ಮುಖ ಎನ್ನಿಸಿ, ನನಗೆ ಧಾರವಾಡದ ನಮ್ಮ ಅಜ್ಜಿ ನೆನಪಾದಳು. ಶಾಲೆಗಿಂತ ಮೊದಲು ನನಗೆ ಭಾಷೆ ಕಲಿಸಿದವಳು ಅವಳೇ. ಕಟ್ಟೆಯ ಮೇಲೆ ಅವರೆಕಾಯಿ ಸುಲಿಯುತ್ತ ಕೂತು, ಓಣಿಯಲ್ಲಿ ಹೋಗಿಬರುವವರನ್ನು ತೋರಿಸಿ ತೋರಿಸಿ ಶಬ್ದ ಕಲಿಸುತ್ತಿದ್ದಳು. ‘ಜುಗ್ಗ’ ಎಂಬ ಶಬ್ದಕ್ಕೆ ಕಿರಾಣಿ ಅಂಗಡಿಯವ, ‘ಆತುರಗೇಡಿ’ಗೆ ನಮ್ಮ ಸ್ವಂತ ಅಜ್ಜ. “ಮಾರಿ ಇಲ್ಲದ ಶಬ್ದ ತಲ್ಯಾಗ ನಿಲ್ಲಂಗಿಲ್ಲವಾ, ಎಲ್ಲಾದಕ್ಕೂ ಒಂದೊಂದು ಮಾರಿ ಹಚ್ಚು” ಎನ್ನುತ್ತಿದ್ದಳು. ಮಾರಿ ಎಂದರೆ ನಮ್ಮ ಕಡೆ ಮುಖ. ಇನ್ನೊಂದು ಮಾತನ್ನೂ ಸೇರಿಸುತ್ತಿದ್ದಳು: “ಯಾಕ ಅನ್ನೂದನ್ನೂ ಹೇಳಬೇಕು ಮತ್ತ. ಬರೇ ಶಬ್ದ ಒಗದರ ಅದು ಬೈಗಳಾ ಆಗ್ತದ.”

ಸರಿ, ನಾಲ್ಕಂತಸ್ತಿನ ತುಂಬ ಮುಖಗಳಿರುವಾಗ ನನಗೇನು ಕಡಿಮೆ? ದೊಡ್ಡ ಹಾಳೆ ತೆಗೆದು ಮೂರು ಕಾಲಂ ಎಳೆದೆ. ಮೊದಲ ಕಾಲಮ್ಮಿನಲ್ಲಿ ಫ್ಲಾಟ್ ನಂಬರು, ಎರಡನೆಯದರಲ್ಲಿ ಇಂಗ್ಲಿಷ್ ಶಬ್ದ, ಮೂರನೆಯದರಲ್ಲಿ ಕನ್ನಡದಲ್ಲಿ ಅರ್ಥ ಮತ್ತು ‘ಯಾಕೆ’. ಯಜಮಾನರಿಗೆ ‘ಟ್ಯಾಸಿಟರ್ನ್’, ಮಿತಭಾಷಿ. 101ರ ಸೆಕ್ರೆಟರಿ ಕಾಕಾಗೆ ‘ಪಂಕ್ಟಿಲಿಯಸ್’, ನಿಯಮದಲ್ಲಿ ಕೂದಲು ಸೀಳುವವರು. ಲಿಫ್ಟಿನಲ್ಲಿ ‘ಬಾಗಿಲು ಮೆಲ್ಲಗೆ ಹಾಕಿ’ ಎಂದು ಮೂರು ಭಾಷೆಯಲ್ಲಿ ಚೀಟಿ ಅಂಟಿಸಿ, ಅದು ಸೊಟ್ಟಗಿದೆಯೆಂದು ಸ್ಕೇಲು ತಂದು ಅಳೆದು ಮತ್ತೆ ಅಂಟಿಸಿದ್ದರು. 204ರ ಗಂಡಹೆಂಡಿರಿಗೆ ‘ಕ್ಯಾಂಟ್ಯಾಂಕರಸ್’, ಜಗಳಗಂಟರು. ಪಕ್ಕದ 302ರ ಮಾಸಿಗೆ ‘ಗ್ಯಾರುಲಸ್’, ವಾಚಾಳಿ.

ನನಗೆ ಹುಚ್ಚು ಹಿಡಿದಂತಾಯಿತು! ಮೆಟ್ಟಿಲು ಹತ್ತಿದರೆ ಶಬ್ದ, ಇಳಿದರೆ ಶಬ್ದ. 204ರೊಳಗಿಂದ ತಟ್ಟೆ ಬಿದ್ದ ಸದ್ದು ಕೇಳಿದರೆ ಬಾಯಿ ತಾನಾಗಿ ‘ಕ್ಯಾಂಟ್ಯಾಂಕರಸ್’ ಎನ್ನುತ್ತಿತ್ತು. ಒಂದೇ ವಾರದಲ್ಲಿ ಮೂವತ್ತೆರಡು ಶಬ್ದ ಬಾಯಿಗೆ ಬಂತು, ಒಂದೂ ಸೋರಲಿಲ್ಲ. ಕನ್ನಡ ಓದುವವರು ಸೊಸೈಟಿಯಲ್ಲಿ ಯಾರೂ ಇಲ್ಲವೆಂಬ ಧೈರ್ಯದಲ್ಲಿ ಹಾಳೆಯನ್ನು ಅಡುಗೆಮನೆಯ ಕಟ್ಟೆಯ ಮೇಲೆ ರಾಜಾರೋಷವಾಗಿ ಬಿಟ್ಟಿರುತ್ತಿದ್ದೆ. ಫ್ಲಾಟ್ ನಂಬರೂ ಇಂಗ್ಲಿಷೂ ಎಲ್ಲರಿಗೂ ಓದಲು ಬರುತ್ತದೆಂಬ ಸಾದಾ ವಿಷಯ ತಲೆಗೆ ಹೊಳೆಯಲೇ ಇಲ್ಲ.

ಮಾಸಿಯ ಬಗ್ಗೆ ಹೇಳಬೇಕು, ಮಾಸಿ ಎಂದರೆ ಇಲ್ಲಿಯವರ ಮಾತಿನಲ್ಲಿ ಚಿಕ್ಕಮ್ಮ. ಅರವತ್ತೈದು ದಾಟಿದ, ಗುಂಡಗಿನ, ಸ್ಕೂಟರ್ ಓಡಿಸುವ ಗುಜರಾತಿ ಹೆಂಗಸು. ಮಗ ಸೂರತ್ತಿನ ಹತ್ತಿರದ ಸಚಿನ್ ಎಂಬ ಊರಲ್ಲಿ ಬಟ್ಟೆ ಮಿಲ್ಲಿನಲ್ಲಿ, ಶನಿವಾರ ರಾತ್ರಿ ಬಂದು ಹೋಗುತ್ತಾನೆ. ಸೊಸೆ ಬೆಳಿಗ್ಗೆ ಎಂಟಕ್ಕೆ ಆಫೀಸಿಗೆ ಹೊರಡುತ್ತಾಳೆ. ನಾವು ಸಾಮಾನು ಇಳಿಸಿದ ದಿನವೇ ಬಾಲ್ಕನಿಯಿಂದ ಬಗ್ಗಿ, “ಚಾ ಆಗಿದೆಯಾ ಬೇಟಾ?” ಎಂದು ಶುರು ಮಾಡಿದ ಮಾತು ಇನ್ನೂ ಮುಗಿದಿರಲಿಲ್ಲ. ನನ್ನ ಹರಕು ಗುಜರಾತಿಯನ್ನು ಹೊಲಿದುಕೊಟ್ಟವರೇ ಅವರು. ಪರವೂರಿನಲ್ಲಿ ನನ್ನ ಬೆಳಗು ಆಗುತ್ತಿದ್ದುದೇ ಅವರ ದನಿಯಿಂದ.

ಒಂದು ಮಂಗಳವಾರ ಮಾಸಿ ಸೋರೆಕಾಯಿ ಹಾಕಿದ, ಖಾರದ ಕೇಕಿನಂಥ ಹಾಂಡ್ವೊವನ್ನು ಸ್ಟೀಲ್ ಡಬ್ಬಿಯಲ್ಲಿ ಕಳಿಸಿದ್ದರು. ಕೊಟ್ಟವರ ಡಬ್ಬಿಯನ್ನು ಖಾಲಿ ತಿರುಗಿಸುವುದು ನಮ್ಮಲ್ಲಿ ಉಂಟೇ? ಸಂಜೆ ಶೇಂಗಾ ಹೋಳಿಗೆ ಮಾಡಿದೆ. ಡಬ್ಬಿಯ ತಳ ಇನ್ನೂ ಒದ್ದೆ. ಕೈಗೆ ಸಿಕ್ಕ ಹಾಳೆಯನ್ನು ಮಡಚಿ ಹಾಸಿ, ಮೇಲೆ ಎಂಟು ಹೋಳಿಗೆ ಜೋಡಿಸಿ, ಮಗಳ ಕೈಯಲ್ಲಿ ಕೊಟ್ಟು ಕಳಿಸಿದೆ.

ಬುಧವಾರ ಬೆಳಿಗ್ಗೆ ಬಾಲ್ಕನಿಗೆ ಬಂದೆ. ಮಾಸಿ ತುಳಸಿಗೆ ನೀರು ಹಾಕುತ್ತಿದ್ದರು. “ಮಾಸೀ, ಹೋಳಿಗೆ ಹೇಗಿತ್ತು?” ಎಂದೆ. ತಲೆ ಆಡಿಸಿದರು. ಅಷ್ಟೇ. ಒಳಗೆ ಹೋಗಿಬಿಟ್ಟರು. ಗಂಟಲು ಕೆಟ್ಟಿರಬೇಕು ಅಂದುಕೊಂಡೆ. ಗುರುವಾರವೂ ತಲೆ ಮಾತ್ರ ಆಡಿತು.

ಅಂದು ಸಂಜೆ ಸೆಕ್ರೆಟರಿ ಕಾಕಾ ಬಂದರು. ಇಸ್ತ್ರಿ ಹಾಕಿದ ಅಂಗಿ, ಕಂಕುಳಲ್ಲಿ ಇಟ್ಟಿಗೆಯಂಥ ಡಿಕ್ಷನರಿ.

“ಬೆಹನ್, ಪಂಕ್ಟಿಲಿಯಸ್ ಎಂದು ಬರೆದದ್ದು ನೀವೇನಾ?”

ನಾನು ಅಡುಗೆಮನೆಯ ಕಟ್ಟೆಯತ್ತ ತಿರುಗಿ ನೋಡಿದೆ, ಹಾಳೆ ಅಲ್ಲಿರಲಿಲ್ಲ. “ಕಾಕಾ, ನಿಮಗೆ ಹೇಗೆ…”

“302ರವರು ಡಬ್ಬಿಯಲ್ಲಿ ಚೀಟಿ ಸಿಕ್ಕಿತೆಂದು ತಂದು ಅರ್ಥ ಕೇಳಿದರು. ನಾನು ಎಲ್ಲ ಶಬ್ದದ ಎಲ್ಲ ಅರ್ಥವನ್ನೂ ಓದಿ ಹೇಳಿದೆ. ಅರ್ಧಂಬರ್ಧ ಹೇಳುವುದು ನನಗೆ ಆಗಿಬರುವುದಿಲ್ಲ.” ಕನ್ನಡಕ ಒರೆಸಿಕೊಂಡರು. “ಇಪ್ಪತ್ತು ವರ್ಷದಿಂದ ಈ ಸೊಸೈಟಿಗೆ ಜೀವ ತೇಯುತ್ತಿದ್ದೇನೆ. ನನ್ನನ್ನು ಇಷ್ಟು ಸರಿಯಾಗಿ ಯಾರೂ ಗುರುತಿಸಿರಲಿಲ್ಲ. ಒಂದೇ ತಿದ್ದುಪಡಿ. ನನ್ನ ಸಾಲು ಸ್ವಲ್ಪ ಓರೆಯಾಗಿದೆ.”

ಅವರು ಇಳಿಯುತ್ತಿದ್ದಂತೆ 204ರ ಗಂಡಹೆಂಡಿರು ಹತ್ತಿ ಬಂದರು. ಕಾಕಾ ಅವರಿಗೂ ಡಂಗುರ ಸಾರಿದ್ದರೆಂದು ಬೇರೆ ಹೇಳಬೇಕಿಲ್ಲ.

“ಅದು ನಮ್ಮಿಬ್ಬರಲ್ಲಿ ಯಾರಿಗೆ?” ಎಂದಳು ಹೆಂಡತಿ.

“ಯಾರಿಗೆ ಅಂತ ಕೇಳಬೇಕಾ? ಬಂದವಳು ನೀನು, ನಾನು ಬೇಡ ಅಂದೆ” ಎಂದ ಗಂಡ.

“ಬೇಡ ಅಂದವನು ಚಪ್ಪಲಿ ಯಾಕೆ ಹಾಕಿಕೊಂಡೆ?”

ಹಾಗೆಯೇ ಕಾದಾಡುತ್ತ ಇಬ್ಬರೂ ಇಳಿದುಹೋದರು. ನಾನು ಉತ್ತರ ಕೊಡಬೇಕಾಗಲೇ ಇಲ್ಲ. ಬಾಗಿಲು ಹಾಕಿ ಮಗಳೂ ನಾನೂ ಹೊಟ್ಟೆ ಹಿಡಿದು ನಕ್ಕೆವು. ಯಜಮಾನರೂ ನಕ್ಕರು, ಸದ್ದಿಲ್ಲದೆ.

ನಗು ನಿಂತ ಮೇಲೆ ಪಕ್ಕದ ಬಾಲ್ಕನಿಯ ಮೌನ ಕೇಳಿಸಿತು. ಸೊಸೈಟಿಯೆಲ್ಲ ನಕ್ಕರೂ ಜಗಳವಾಡಿದರೂ ನನಗೇನಾಗಬೇಕು? ಆ ಒಂದು ಬಾಯಿ ಮುಚ್ಚಿದ್ದು ನನ್ನಿಂದ. ಶುಕ್ರವಾರ ಪುಸ್ತಕ ತೆರೆದರೆ ಮೂವತ್ತೆರಡು ಶಬ್ದಗಳೂ ಮುಖ ತಿರುಗಿಸಿ ಕೂತಿದ್ದವು. ಪರೀಕ್ಷೆ ಭಾನುವಾರ. ಪರೀಕ್ಷೆ ಮಣ್ಣುಗೂಡಲಿ, ಮಾಸಿ ಇನ್ನು ಮಾತಾಡದಿದ್ದರೆ ಈ ಊರಲ್ಲಿ ನಾನು ಹೇಗಿರಲಿ ಎನ್ನಿಸಿಬಿಟ್ಟಿತು.

ಶನಿವಾರ ಬೆಳಿಗ್ಗೆ ಮಗಳನ್ನು ಕರೆದುಕೊಂಡು 302ರ ಗಂಟೆ ಒತ್ತಿದೆ. ಮಾಸಿ ಬಾಗಿಲು ತೆಗೆದು, ಮಾತಿಲ್ಲದೆ ಸೋಫಾ ತೋರಿಸಿದರು. ನಾನು ಗುಜರಾತಿ, ಹಿಂದಿ ಎಲ್ಲ ಕಲಸಿ ಕ್ಷಮೆ ಕೇಳಿದೆ. ಪರೀಕ್ಷೆ ಎಂದೆ, ಅಜ್ಜಿ ಎಂದೆ, ಮಾರಿ ಎಂದೆ. ಮಾಸಿ ಟಿವಿಯ ಕೆಳಗಿನ ಡ್ರಾಯರಿನಿಂದ ತುಪ್ಪದ ಕಲೆಯಾದ ಹಾಳೆ ತೆಗೆದು ನನ್ನ ಮುಂದೆ ಇಟ್ಟರು.

“ಕೆಲಸಕ್ಕೆ ಬಾರದ್ದನ್ನು ಬಹಳ ಮಾತಾಡುವವಳು. ಕಾಕಾ ಓದಿ ಹೇಳಿದರು,” ಎಂದರು. “ಮನೆಯಲ್ಲಿ ಯಾರಿಗೂ ಪುರುಸೊತ್ತಿಲ್ಲ ಬೇಟಾ. ನೀನು ಕೇಳುತ್ತೀ ಅಂತ ಮಾತಾಡುತ್ತಿದ್ದೆ. ನೀನು ತಡೆದುಕೊಳ್ಳುತ್ತಿದ್ದೆ ಅಂತ ನನಗೆ ಗೊತ್ತಿರಲಿಲ್ಲ.”

ನಾನು ಹಾಳೆ ಕೈಗೆತ್ತಿಕೊಂಡೆ. “ಮಾಸೀ, ಪಕ್ಕದಲ್ಲಿ ಕನ್ನಡದಲ್ಲಿ ಯಾಕೆ ಅಂತಲೂ ಬರೆದಿದ್ದೇನೆ. ಓದುತ್ತೇನೆ, ಕೇಳಿ.”

“ನಿನ್ನ ಭಾಷೆ, ನಿನ್ನ ಕಾಗದ. ಏನು ಬೇಕಾದರೂ ಓದಬಹುದು” ಎಂದವರೇ ಹಾಳೆಯನ್ನು ಕಿತ್ತುಕೊಂಡು ಮಗಳ ಕೈಗೆ ಕೊಟ್ಟರು. “ನೀನು ಓದು. ನೀನು ಅಮ್ಮನ ಪಕ್ಷ ವಹಿಸುವವಳಲ್ಲ.”

ಆಗ ನನಗೆ ನಿಜವಾದ ಭಯ ಶುರುವಾಯಿತು. ಎರಡು ಬೇಸಿಗೆ ರಜೆಯಲ್ಲಿ ಅವಳಿಗೆ ಕನ್ನಡ ಅಕ್ಷರ ಕಲಿಸಿದ್ದೆ. ಒತ್ತಕ್ಷರ ಬಂದಾಗ ಎದ್ದು ಓಡಿದವಳು ಮತ್ತೆ ಕೂತಿರಲಿಲ್ಲ. ಮಗಳು ಬೆರಳಿಟ್ಟು ಶುರು ಮಾಡಿದಳು. “ಮಾ… ಸಿ… ಬಾ… ಯಿ… ಬಿ… ಅಮ್ಮಾ, ಇದರ ಕೆಳಗೆ ಏನೋ ನೇತಾಡ್ತಿದೆ, ಇದೇನು?”

“ಅಮ್ಮನನ್ನು ಕೇಳಬೇಡ!” ಎಂದು ಮಾಸಿ ಗದರಿದರು. ಕಾಪಿ ಹೊಡೆಯುವವರನ್ನು ಹಿಡಿಯುವ ಮೇಷ್ಟರಂತೆ ನಮ್ಮಿಬ್ಬರ ನಡುವೆ ಬಂದು ಕೂತರು.

ಅಕ್ಷರ ಅಕ್ಷರ ಕೂಡಿಸಿ, ಅದನ್ನು ಗುಜರಾತಿಗೆ ತಿರುಗಿಸಿ ಒಂದೂವರೆ ಸಾಲು ದಾಟಲು ಅವಳಿಗೆ ಹತ್ತು ನಿಮಿಷ ಹಿಡಿಯಿತು. ನಾನು ಬರೆದದ್ದು ಇಷ್ಟೇ: ‘ಮಾಸಿ ಬಾಯಿ ಬಿಟ್ಟರೆ ಒಲೆಯ ಮೇಲಿನ ಹಾಲು ಉಕ್ಕುವ ತನಕ ನಿಲ್ಲಿಸುವುದಿಲ್ಲ. ಮೂರು ಸಲ ಉಕ್ಕಿದೆ. ಆದರೂ ಬೆಳಿಗ್ಗೆ ಬಾಲ್ಕನಿಗೆ ನಾನೇ ಮೊದಲು ಹೋಗಿ ನಿಲ್ಲುತ್ತೇನೆ.’

ಮಗಳು ಗುಜರಾತಿಯಲ್ಲಿ ಹೇಳಿದ್ದು: “ಮಾಸೀ, ನಿಮ್ಮಿಂದ ನಮ್ಮ ಮನೆ ಹಾಲು ಮೂರು ಸಲ ಓಡಿಹೋಗಿದೆ. ಆದರೂ ಅಮ್ಮ ನಿಮಗೋಸ್ಕರ ಬಾಲ್ಕನಿಯಲ್ಲಿ ಕಾಯುತ್ತಾಳೆ.”

ಮಾಸಿ ನನ್ನನ್ನೇ ನೋಡಿದರು.

“ಮೂರೇ ಸಲವಾ? ದೀಪಾವಳಿಯ ಮುಂಚೆ ಉಕ್ಕಿದ್ದು ಲೆಕ್ಕಕ್ಕೆ ಹಿಡಿದಿದ್ದೀಯೋ ಇಲ್ಲವೋ? ಅದು ಬಾಸುಂದಿಗೆ ಇಟ್ಟ ಹಾಲು, ನಾನಾಗ ನನ್ನ ನಾದಿನಿಯ ಮೊಣಕಾಲಿನ ವಿಷಯ ಹೇಳುತ್ತಿದ್ದೆ. ಅರೇ, ಆ ಮೊಣಕಾಲು ಆಮೇಲೆ ಏನಾಯಿತು ಅಂತ ನಿನಗೆ ಹೇಳೇ ಇಲ್ಲವಲ್ಲ! ಬೇಸೋ ಬೇಸೋ, ಕೂತುಕೋ, ಚಾ ಇಡುತ್ತೇನೆ…”

ನಾಲ್ಕು ದಿನ ಕಟ್ಟೆ ಕಟ್ಟಿದ್ದ ನೀರು ಒಡೆದು ಹರಿಯಿತು. ಮಧ್ಯಾಹ್ನದ ಊಟವೂ ಅಲ್ಲೇ ಆಯಿತು. ಪುಸ್ತಕ ನಮ್ಮ ಮನೆಯಲ್ಲಿ ಬಿದ್ದಿತ್ತು, ನಾನು ಅತ್ತ ಹೊರಳಿ ನೋಡಲಿಲ್ಲ.

ಭಾನುವಾರ ಆಟೋ ಕರೆಯಲು ಮಾಸಿ ಬಿಡಲಿಲ್ಲ. ತಮ್ಮ ಸ್ಕೂಟರಿನಲ್ಲಿ ನನ್ನನ್ನು ಹೇರಿಕೊಂಡು ಹೊರಟರು. ದಾರಿಯಲ್ಲಿ ಕೊನೆಯ ಸಲ ಕಣ್ಣಾಡಿಸೋಣವೆಂದು ಹಾಳೆ ಬಿಚ್ಚಿದರೆ ಗಾಳಿಗೆ ಹಾರಿ ಹೋಗುವಂತಿತ್ತು. ಮಾಸಿ ಆಗಲೇ ಕತೆ ಎತ್ತಿಕೊಂಡಿದ್ದರು. ಅವರ ತಂಗಿಯ ಮದುವೆಯಲ್ಲಿ ಹುಡುಗಿಯರು ಪದ್ಧತಿಯಂತೆ ಮದುಮಗನ ಜೋಡು ಕದ್ದು ಅಡುಗೆಯವರ ಟೆಂಪೋದಲ್ಲಿ ಬಚ್ಚಿಟ್ಟರಂತೆ. ಮಂಟಪದಲ್ಲಿ ಮಂತ್ರ ನಡೆಯುತ್ತಿರುವಾಗಲೇ ಆ ಟೆಂಪೋ ಪಾತ್ರೆಗಳ ಸಮೇತ ವಡೋದರಾಕ್ಕೆ ಹೊರಟುಹೋಯಿತಂತೆ. ಸಿಗ್ನಲ್ಲಿನಲ್ಲಿ ಪಕ್ಕದ ರಿಕ್ಷಾದವನೂ ಕಿವಿ ಕೊಟ್ಟ; ಹಸಿರು ಬಿದ್ದರೂ ಅವನು ಕದಲಲಿಲ್ಲ.

“ಬರಿಗಾಲಿನ ಮದುಮಗ, ಎದುರಿಗೆ ಇನ್ನೂರು ಜನ ಬೀಗರು, ಆಗ ನನ್ನ ಅಪ್ಪ ಎದ್ದು ನಿಂತು…” ಎನ್ನುವಷ್ಟರಲ್ಲಿ ಪರೀಕ್ಷೆಯ ಗೇಟು ಬಂತು. ಗಂಟೆ ಹೊಡೆಯಿತು. ನನ್ನನ್ನು ಒಳಗೆ ದಬ್ಬಿದರು.

ಆ ಮೂರು ಗಂಟೆಯ ಪೇಪರನ್ನು ನಾನು ಎರಡೂಕಾಲು ಗಂಟೆಯಲ್ಲಿ ಮುಗಿಸಿದೆ. ಸರಿಯೋ ತಪ್ಪೋ ಎಂದು ತಿರುಗಿಸಿ ನೋಡುವ ತಾಳ್ಮೆ ಯಾರಿಗಿತ್ತು? ಅವರಪ್ಪ ಏನು ಮಾಡಿದರೆಂದು ತಿಳಿಯದೆ ಪ್ರಾಣ ಚಡಪಡಿಸುತ್ತಿತ್ತು. ಹೊರಗೆ ಓಡಿಬಂದರೆ ಬೇವಿನ ಮರದ ಕೆಳಗೆ ಮಾಸಿಯ ಸುತ್ತ ಆರೇಳು ಜನ ಕೂತಿದ್ದರು, ಕಾವಲಿನವನು ಸ್ಟೂಲನ್ನೇ ಅಲ್ಲಿಗೆ ತಂದು ಹಾಕಿಕೊಂಡಿದ್ದ. ಕತೆ ಜೋಡನ್ನು ದಾಟಿ ಎಲ್ಲೋ ಮುಂದೆ ಹೋಗಿಬಿಟ್ಟಿತ್ತು. ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು.

“ಮಾಸೀ, ಇದು ಅನ್ಯಾಯ! ಮತ್ತೆ ಮೊದಲಿನಿಂದ ಹೇಳಿ” ಎಂದು ನಾನೂ ಸೆರಗು ಕೊಡವಿ ಅವರ ನಡುವೆ ಜಾಗ ಮಾಡಿಕೊಂಡು ಕೂತೆ.