ಎಣ್ಣೂರಿನ ಕೈಪಂಪು

ಸಾವಿರದ ಒಂಬೈನೂರ ಅರವತ್ತರ ಆಸುಪಾಸಿನಲ್ಲಿ ನಾನು ಮದರಾಸಿನ ಒಂದು ಸೇವಾ ಕ್ಲಬ್ಬಿನಲ್ಲಿದ್ದೆ. ತಮಿಳು, ಇಂಗ್ಲಿಷು ಎರಡೂ ಬರುತ್ತಿದ್ದುದರಿಂದ ಹೊರದೇಶದ ಅತಿಥಿಗಳನ್ನು ತಿರುಗಾಡಿಸುವ ಕೆಲಸ ನನ್ನ ತಲೆಗೇ ಬರುತ್ತಿತ್ತು. ಎಣ್ಣೂರಿನ ಬೆಸ್ತರ ಕೇರಿಗೆ ಕ್ಲಬ್ಬು ಒಂದು ಕೈಪಂಪು ಹಾಕಿಸಿಕೊಟ್ಟಿತ್ತು. ಬಂದ ಅತಿಥಿ ಅದನ್ನು ಒಂದೆರಡು ಸಲ ಒತ್ತಿ ಫೋಟೋ ತೆಗೆಸಿಕೊಳ್ಳುವುದು ವಾಡಿಕೆ.

ಆ ಸಲ ಬಂದವರು ಸ್ಕಾಟ್ಲೆಂಡಿನ ಒಬ್ಬ ಸಣಕಲು ಮೇಷ್ಟ್ರು. ನಾವು ಹೋಗುವಷ್ಟರಲ್ಲಿ ಪಂಪಿನ ಮುಂದೆ ಖಾಲಿ ಕೊಡಗಳ ಸಾಲೇ ನಿಂತಿತ್ತು. ಫೋಟೋ ಮುಗಿಯಿತು. ಒಂದು ಕೊಡ ತುಂಬಿದ ಕೂಡಲೇ ಅಲ್ಲಿದ್ದ ಅಜ್ಜಿ ಇನ್ನೊಂದನ್ನು ಮುಂದೆ ತಳ್ಳಿದಳು. ಮೇಷ್ಟ್ರು ಸಂಕೋಚದ ಮನುಷ್ಯ. ಸಾಕು ಅನ್ನಲಾರದೆ ಕೋಟು ಬಿಚ್ಚಿ ನನ್ನ ಕೈಗೆ ಕೊಟ್ಟು, ಒತ್ತುತ್ತಲೇ ಇದ್ದರು.

“ಏನಜ್ಜಿ ಇದು?” ಎಂದು ತಮಿಳಿನಲ್ಲಿ ಕೇಳಿದೆ.

“ದೊರೆ ಬರ್ತಾರೆ ಅಂತ ಗೊತ್ತಾದ ದಿನ ನಾವು ಬೆಳಿಗ್ಗೆ ನೀರು ಹಿಡಿಯೋದಿಲ್ಲ ಸಾಮಿ. ಹೋದ ಸಲ ಬಂದವರು ಎಲ್ಲಾ ತುಂಬಿಸಿಕೊಟ್ರು. ಇವರೂ ಒಳ್ಳೆಯವರೇ, ತೋಳಲ್ಲಿ ಶಕ್ತಿ ಸಾಲದು ಅಷ್ಟೆ.”

ಏನಂತೆ ಎಂದು ಮೇಷ್ಟ್ರು ಕೇಳಿದರು. ಇದ್ದದ್ದನ್ನು ಇದ್ದ ಹಾಗೇ ಹೇಳಿದೆ. ಅವರು ನಕ್ಕು, ಪಂಪಿನ ಹಿಡಿಯಲ್ಲಿ ನನಗೂ ಸ್ವಲ್ಪ ಜಾಗ ಬಿಟ್ಟರು.

ಆಮೇಲೆ ಕ್ಲಬ್ಬಿಗೆ ಯಾವ ಅತಿಥಿ ಬಂದರೂ ಉಳಿದವರು ಅವರ ಭಾಷಣ ಕೇಳುತ್ತಿದ್ದರು. ನಾನು ತೋಳು ನೋಡುತ್ತಿದ್ದೆ.