ಫಾರ್ಮ್ ಒಂದರಲ್ಲಿ ಉಸ್ತಾದರ ಹೆಸರು

2024ರ ಬೇಸಿಗೆ. ಧಾರವಾಡದ ಮಾಳಮಡ್ಡಿಯಲ್ಲಿರುವ ನಮ್ಮ ಮನೆಯ ಊಟದ ಮೇಜೇ ನನ್ನ ಕಚೇರಿ. ಕಾನ್ವೆಂಟಿನ ಸಿಸ್ಟರ್‌ಗಳು ತಿದ್ದಿ ತೀಡಿದ ಇಂಗ್ಲಿಷ್ ನನ್ನದು. ಆ ಬಲದ ಮೇಲೆ, ಮನೆಗೆಲಸ ಮುಗಿದ ನಂತರ ಪರಿಚಿತರ ಅರ್ಜಿ, ವರದಿಗಳನ್ನು ಬರೆದುಕೊಡುತ್ತೇನೆ. ನಾನು ಪೇಟೆಂಟ್ ಏಜೆಂಟ್ ಅಲ್ಲ. ಆದರೆ ಆವಿಷ್ಕಾರ ಮಾಡಿದ ವ್ಯಕ್ತಿ ಏಜೆಂಟ್ ಇಲ್ಲದೆ ತಾನೇ ಪೇಟೆಂಟಿಗೆ ಅರ್ಜಿ ಹಾಕಬಹುದು. ಹಾಗೆ ಇಂಗ್ಲಿಷಿನ ನೆರವು ಕೇಳಿಕೊಂಡು ಬಂದವರು ಇಮ್ತಿಯಾಜ್.

ಲಕಮನಹಳ್ಳಿಯ ವರ್ಕ್‌ಶಾಪೊಂದರಲ್ಲಿ ಲೇತ್ ನಡೆಸುವ, ನಲವತ್ತು ದಾಟಿದ ಮನುಷ್ಯ. ಕಾಗದ ಮುಟ್ಟುವ ಮೊದಲು ಹಿತ್ತಲ ನಲ್ಲಿಯಲ್ಲಿ ಎರಡು ಸಲ ಕೈ ತೊಳೆದರು. ಆದರೂ ಉಗುರಿನ ಸುತ್ತ ಗ್ರೀಸಿನ ಗೆರೆ ಉಳಿದಿತ್ತು. ಗರಗದಲ್ಲಿ ನೂಲುವ ಹೆಣ್ಣುಮಕ್ಕಳ ಚರಕಗಳನ್ನು ಅವರು ರಿಪೇರಿ ಮಾಡುತ್ತಿದ್ದರು. ಎಂಟು ಕದಿರಿನ ಚರಕದಲ್ಲಿ ಒಂದು ನೂಲು ಹರಿದರೂ ಇಡೀ ಚರಕ ನಿಲ್ಲಿಸಬೇಕು. ಹರಿದ ನೂಲಿನ ಕದಿರೊಂದೇ ತಾನಾಗಿ ನಿಲ್ಲುವಂಥ ಪುಟ್ಟ ಕೊಂಡಿಯನ್ನು ಇಮ್ತಿಯಾಜ್ ಮಾಡಿದ್ದರು. ಮುಂದಿನ ಸೋಮವಾರ ಅದನ್ನು ಗರಗದಲ್ಲಿ ಎಲ್ಲರೆದುರು ತೋರಿಸುವುದಾಗಿ ಮಾತನ್ನೂ ಕೊಟ್ಟಿದ್ದರು.

“ಅರ್ಜಿ ಹೋಗೂ ಮುಂಚೆ ಯಾರಿಗೂ ತೋರಿಸಬ್ಯಾಡ್ರಿ,” ಎಂದೆ. ಒಮ್ಮೆ ಬಹಿರಂಗವಾದದ್ದು ಕಾನೂನಿನ ಕಣ್ಣಿಗೆ ಹೊಸತಲ್ಲ. ಹೊಸತಲ್ಲದ್ದಕ್ಕೆ ಪೇಟೆಂಟ್ ಇಲ್ಲ. ಕೈಯಲ್ಲಿ ಐದೇ ದಿನ. ಅಷ್ಟರಲ್ಲಿ ಪ್ರಾವಿಷನಲ್ ಸ್ಪೆಸಿಫಿಕೇಶನ್, ಅಂದರೆ ಆವಿಷ್ಕಾರದ ಮೊದಲ ವಿವರಣೆ, ಸಲ್ಲಿಸಿದರೆ ಆ ದಿನಾಂಕ ಅವರದಾಗುತ್ತದೆ; ಆಮೇಲೆ ತೋರಿಸಿದರೂ ತೊಂದರೆಯಿಲ್ಲ. ಪೂರ್ಣ ವಿವರಣೆಗೆ ಮತ್ತೆ ಹನ್ನೆರಡು ತಿಂಗಳು ಸಿಗುತ್ತದೆ.

ಬುಧವಾರ ಆನ್‌ಲೈನಿನಲ್ಲಿ ಹಳೆಯ ಪೇಟೆಂಟ್‌ಗಳನ್ನು ಹುಡುಕಿದೆವು; ಇಂಥದ್ದು ಕಾಣಲಿಲ್ಲ. ಮುಂದಿನ ಎರಡು ದಿನ ಚಿತ್ರ, ವಿವರಣೆ. ಕೊಂಡಿಯ ಸ್ಪ್ರಿಂಗ್ ಅಲ್ಲೇ ಏಕೆ ಎಂದು ಕೇಳಿದರೆ ನನ್ನ ಚಮಚಕ್ಕೆ ರಬ್ಬರ್ ಬ್ಯಾಂಡ್ ಸುತ್ತಿ ಮಾಡಿಯೇ ತೋರಿಸುತ್ತಿದ್ದರು. ಶನಿವಾರ ಪೇಟೆಂಟ್ ಅರ್ಜಿಯ ಮೊದಲ ನಮೂನೆ, ಫಾರ್ಮ್ ಒಂದನ್ನು ತೆರೆದೆ. ಅರ್ಜಿದಾರ, ಇಮ್ತಿಯಾಜ್. ಆವಿಷ್ಕಾರಕ?

“ದಾವಲಸಾಬ್ ಅಂತ ಬರೀರಿ ಅಕ್ಕಾರ. ನಮ್ಮ ಉಸ್ತಾದ್ರು.”

“ಅವರು ಮಾಡ್ಯಾರೇನ್ರಿ ಇದನ್ನ?”

“ಮಾಡಿದ್ದು ನಾನರಿ. ಆದ್ರ ನನ್ನ ಕೈಯಾಗ ಮೊದಲ ಕಬ್ಬಿಣಾ ತಿಕ್ಕೂ ಅರ ಕೊಟ್ಟಾವ್ರು ಅವ್ರು. ನಮ್ಮ ಶಾಪಿನ್ಯಾಗ ಹೊಸಾದು ಏನರ ಆದ್ರ ಉಸ್ತಾದ್ರ ಹೆಸರಿಲೇನ ಹೊರಗ ಹೋಗ್ತದ. ನನ್ನ ಹೆಸರು ಹಾಕಿದ್ರ ಮಂದಿ ಏನಂದಾರು?”

ಆ ಜಾಗದಲ್ಲಿ ಕಾನೂನು ಕೇಳುವುದು ‘ನಿಜವಾದ ಮತ್ತು ಮೊದಲ’ ಆವಿಷ್ಕಾರಕನನ್ನು. ಸುಳ್ಳು ಬರೆದರೆ ಮುಂದೆ ಪೇಟೆಂಟೇ ಹೋಗಬಹುದು ಎಂದು ತಿಳಿಹೇಳಿದೆ. ಆವಿಷ್ಕಾರಕ ಬೇರೆಯವರಾದರೆ ಅವರೇ ‘ಆವಿಷ್ಕಾರಕ ನಾನೇ’ ಎಂಬ ಘೋಷಣೆಗೆ ಸಹಿ ಮಾಡಬೇಕು ಎಂದೂ ಹೇಳಿದೆ. ಅವರು ಕೇಳಿಸಿಕೊಂಡದ್ದು ಕೊನೆಯದನ್ನು ಮಾತ್ರ. “ಹಂಗಾರ ನಾಳೆ ಕರಕೊಂಡ ಬರ್ತೇನ್ರಿ.”

ರವಿವಾರ ಬೆಳಿಗ್ಗೆ ದಾವಲಸಾಬರು ಬಂದರು. ಎಪ್ಪತ್ತು ದಾಟಿದ ವಯಸ್ಸು. ಕನ್ನಡಕದ ಮುರಿದ ಕಡ್ಡಿಗೆ ತಾಮ್ರದ ತಂತಿಯನ್ನು ಸುತ್ತು ತಪ್ಪದೆ ಸುತ್ತಿದ್ದರು. ಘೋಷಣೆಯ ಸಾಲನ್ನು ಕನ್ನಡದಲ್ಲಿ ಓದಿ ಹೇಳಿದೆ. ಅವರು ಪೆನ್ನನ್ನು ಮೇಜಿನ ಮೇಲಿಟ್ಟು ಶಿಷ್ಯನ ಕಡೆ ತಿರುಗಿದರು.

“ಏನಲೇ, ಈ ವಯಸ್ಸಿನ್ಯಾಗ ನನ್ನ ಕಡಿಂದ ಸುಳ್ಳು ಬರಸ್ತೀ?”

“ಮರ್ಯಾದಿ ಸಲುವಾಗಿ, ಉಸ್ತಾದ್...”

“ಅಕ್ಕಾರ, ಖರೇ ಹೇಳ್ತೇನಿ ಕೇಳ್ರಿ. ಇಂವ ಮೊದಲನೇ ಸಲ ಇದನ್ನ ತಂದಾಗ, ‘ನಡಿಯೂದಿಲ್ಲ, ಗುಜರಿಗಿ ಹಾಕು’ ಅಂದಾಂವ ನಾನು! ಆಮ್ಯಾಲ ನನ್ನಿಂದ ಮುಚ್ಚಿಟ್ಟು ಮಾಡ್ಯಾನ. ಬ್ಯಾಡ ಅಂದಾವಂಗ ಕೊಡೂ ಪೇಟೆಂಟ್ ಇದ್ರ ತರ್ರಿ, ಈಗ ಸಹಿ ಹಾಕ್ತೇನಿ.”

ನನಗೆ ನಗು ತಡೆಯಲಾಗಲಿಲ್ಲ. ಇಮ್ತಿಯಾಜ್ ನಗಲಿಲ್ಲ, ತಲೆ ತಗ್ಗಿಸಿಯೇ ಕೂತಿದ್ದರು. ಮುದುಕರ ದನಿ ಮೆತ್ತಗಾಯಿತು. “ನನ್ನ ಹುಡುಗ ಕಂಡ ಹಿಡದಾನ ಅಂತ ನಾ ಊರ ತುಂಬ ಹೇಳಕೋತ ತಿರಗಬೇಕು. ಅದನ್ನ ಕಸಗೋಬ್ಯಾಡಪಾ.”

ಇಮ್ತಿಯಾಜ್ ಕಣ್ಣೊರೆಸಿಕೊಂಡು, “ನಂದ ಬರೀರಿ ಅಕ್ಕಾರ,” ಎಂದರು.

ಅಂದು ಮಧ್ಯಾಹ್ನವೇ ಅರ್ಜಿ ಆನ್‌ಲೈನಿನಲ್ಲಿ ಚೆನ್ನೈ ಪೇಟೆಂಟ್ ಕಚೇರಿಗೆ ಹೋಯಿತು, ನಂಬರೂ ಬಂತು. ಸೋಮವಾರ ಗರಗದಲ್ಲಿ ಕೊಂಡಿಯನ್ನು ತೋರಿಸಿದ್ದು ಇಮ್ತಿಯಾಜ್, ಮಾತಾಡಿದ್ದೆಲ್ಲ ದಾವಲಸಾಬರು ಎಂದು ಆಮೇಲೆ ತಿಳಿಯಿತು. ವರ್ಷ ತುಂಬುವ ಮೊದಲೇ ಪೂರ್ಣ ವಿವರಣೆಯೂ, ಪರೀಕ್ಷೆ ಕೋರುವ ಫಾರ್ಮ್ ಹದಿನೆಂಟೂ ಹೋದವು. ಈಗ ಪರೀಕ್ಷಕರ ವರದಿಗೆ ಕಾಯುತ್ತಿದ್ದಾರೆ.

ಅಂದಿನಿಂದ ಯಾರೇ ಬಂದರೂ ನಾನು ಮೊದಲು ಕೇಳುವುದು, ಇದನ್ನು ಯೋಚಿಸಿದವರು ಯಾರು ಎಂದು. ನಮ್ಮ ಕಡೆ ಮೊದಲು ಬರುವ ಉತ್ತರ ಮರ್ಯಾದೆಯದು. ನಾನು ಅದನ್ನು ಬರೆದುಕೊಳ್ಳುವುದಿಲ್ಲ. ಚಹಾ ಕೊಟ್ಟು, ಎರಡನೆಯ ಉತ್ತರಕ್ಕೆ ಕಾಯುತ್ತೇನೆ.